ವ್ಯಾನಿನ ಬೆನ್ನ ಮೇಲಿನ ಬ್ಯಾನರು

ಆ ಮನೆಯಲ್ಲಿ ಊಟಕ್ಕೆ ಕೂತಾಗ ಎರಡು ವಿಷಯ ಎತ್ತಬಾರದು ಎಂಬುದು ಬಹಳ ಕಾಲದಿಂದ ನಡೆದುಬಂದ ಒಪ್ಪಂದ. ಒಂದು ಬೀದಿಯ ಶಾಲೆ, ಇನ್ನೊಂದು ವ್ಯಾನು. ಉಪ್ಪು ಜಾಸ್ತಿಯಾಯಿತು ಅನ್ನಬಹುದು, ನಲ್ಲಿ ಸೋರುತ್ತಿದೆ ಅನ್ನಬಹುದು, ಪಕ್ಕದ ಮನೆಯ ಟಿ.ವಿ. ಕಿವಿ ಕಿತ್ತುಹೋಗುವಂತೆ ಕಿರುಚುತ್ತದೆಂದು ಬೈದುಕೊಳ್ಳಬಹುದು. ಇವೆರಡರ ಸುದ್ದಿ ಮಾತ್ರ ಬೇಡ. ಯಾರು ಮಾಡಿದ ಕಟ್ಟಳೆ ಎಂದು ಕೇಳಿದರೆ ಯಾರೂ ಹೇಳಲಾರರು. ತಿನ್ನುವ ಅನ್ನ ಮೈಗೆ ಹತ್ತಲಿ ಎಂದು ಅದು ತಾನಾಗಿಯೇ ಹುಟ್ಟಿಕೊಂಡಿತ್ತು.

ವಿಷಯ ಇಷ್ಟೇ. ಗಂಡ ಸ್ವಂತ ವ್ಯಾನು ಇಟ್ಟುಕೊಂಡು ಬೀದಿಯ ಮಕ್ಕಳನ್ನು ಹೆದ್ದಾರಿಯಾಚೆಯ ದೊಡ್ಡ ಖಾಸಗಿ ಶಾಲೆಗೆ ಬಿಟ್ಟು ಬರುತ್ತಿದ್ದ. ಮಕ್ಕಳ ಬಾಯಲ್ಲಿ ಅವನು ‘ವ್ಯಾನ್ ಮಾಮ’. ಹೆಂಡತಿ ಅರ್ಧ ದಿನ ಜೆರಾಕ್ಸ್ ಅಂಗಡಿಯಲ್ಲಿ ದುಡಿದು, ಉಳಿದರ್ಧ ದಿನ ಬೀದಿಯ ಕೊನೆಯಲ್ಲಿದ್ದ ಸರ್ಕಾರಿ ಶಾಲೆ ಮುಚ್ಚಿಹೋಗದಂತೆ ಒದ್ದಾಡುತ್ತಿದ್ದಳು. ಅವಳನ್ನು ಬೀದಿ ‘ಸ್ಕೂಲಕ್ಕ’ ಎನ್ನುತ್ತಿತ್ತು. ಮಕ್ಕಳಿಲ್ಲದಿದ್ದರೆ ಶಾಲೆಗೆ ಬೀಗ ಬೀಳುವುದು ಖಂಡಿತವಾದ್ದರಿಂದ ಅವಳು ಮನೆಮನೆಗೆ ಹೋಗಿ “ನಿಮ್ಮ ಮಗೂನ ನಮ್ಮ ಶಾಲೆಗೇ ಹಾಕಿ” ಎಂದು ಕೇಳಿಕೊಳ್ಳುತ್ತಿದ್ದಳು. ಮಾರನೆಯ ಬೆಳಿಗ್ಗೆ ಅವಳ ಗಂಡ ತನ್ನ ಮನೆಯ ಮುಂದೆ ಎರಡು ಸಲ ಹಾರ್ನ್ ಒತ್ತಿದರೆ ಅದೇ ಬಾಗಿಲಿನಿಂದ ಆ ಮಗು ಓಡಿಬಂದು ವ್ಯಾನು ಹತ್ತುತ್ತಿತ್ತು. ಅವಳು ಕೈಯಿಂದ ತುಂಬಿಸಿದ್ದನ್ನು ಅವನು ಚಕ್ರದ ಮೇಲೆ ಖಾಲಿ ಮಾಡುತ್ತಿದ್ದ. ಮನೆಯ ಒಲೆ ಉರಿಯುತ್ತಿದ್ದದ್ದು ಮಾತ್ರ ಅವನ ವ್ಯಾನಿನಿಂದ.

ಇವಳೇನು ಭಾಷಣ ಮಾಡಿ ಸ್ಕೂಲಕ್ಕ ಆದವಳಲ್ಲ. ಶಾಲೆಯ ಶೌಚಾಲಯದ ಬಾಗಿಲು ಮುರಿದು ಹುಡುಗಿಯರು ಮಧ್ಯಾಹ್ನವೇ ಮನೆಗೆ ಓಡಿಬರುವುದನ್ನು ನೋಡಲಾರದೆ, ಒಂದು ಭಾನುವಾರ ಬಡಗಿಯನ್ನು ಕರೆದುಕೊಂಡು ಹೋಗಿ ಬಾಗಿಲು ಹಾಕಿಸಿದಳು. ಅಲ್ಲಿಂದ ಶುರು. ಆಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಭಾನುವಾರದ ಓದಿನ ತರಗತಿ, ಕಚೇರಿಯಿಂದ ಕಚೇರಿಗೆ ಅರ್ಜಿ, ಇರುವ ಒಬ್ಬ ಮೇಷ್ಟರನ್ನೂ ವರ್ಗ ಮಾಡಿದಾಗ ಗೇಟಿನ ಮುಂದೆ ಧರಣಿ. ಆದರೆ ಅವಳ ಸ್ವಂತ ಮಗಳು ಓದುತ್ತಿದ್ದದ್ದು ಹೆದ್ದಾರಿಯಾಚೆ. ವ್ಯಾನ್ ಓಡಿಸುವವರ ಮಕ್ಕಳಿಗೆ ಆ ಶಾಲೆಯಲ್ಲಿ ಫೀಸು ಮಾಫಿ ಇತ್ತು. ಗಂಡನೂ ಅತ್ತೆಯೂ ಒಂದಾಗಿ ಸೇರಿಸಿದ್ದರು, ಇವಳು ಒಂದು ವಾರ ಮುನಿಸಿಕೊಂಡು ಸುಮ್ಮನಾಗಿದ್ದಳು. “ಸ್ಕೂಲಕ್ಕಾ, ನಿಮ್ಮ ಮಗಳು ಎಲ್ಲಿ ಓದ್ತಾಳೆ?” ಎಂದು ಯಾರಾದರೂ ಬಾಗಿಲಲ್ಲಿ ಕೇಳಿದರೆ ಅವಳು ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗುತ್ತಿದ್ದಳು.

ಹೀಗೆ ನಡೆಯುತ್ತಿದ್ದ ಸಂಸಾರಕ್ಕೆ ಚುನಾವಣೆ ಬಂತು.

ವಾರ್ಡಿನ ಹಳೇ ಮೆಂಬರು ಬೀದಿ ಶಾಲೆಯ ಜಾಗದಲ್ಲಿ ಅಂಗಡಿಸಾಲು ಕಟ್ಟಿಸುತ್ತಾರಂತೆ ಎಂಬ ಸುದ್ದಿ ಹರಡಿದ ವಾರವೇ ಬೀದಿಯಲ್ಲಿ ಗಾಡಿ ಇಟ್ಟುಕೊಂಡಿದ್ದ ಇಸ್ತ್ರಿಯವನು ನಾಲ್ಕಾರು ಜನರನ್ನು ಕಟ್ಟಿಕೊಂಡು ಮನೆಗೆ ಬಂದ. ಚಹಾ ಕುಡಿದು ಲೋಟ ಕೆಳಗಿಡುವ ಮೊದಲೇ ಹೇಳಿಬಿಟ್ಟ, “ಅಕ್ಕಾ, ನೀವೇ ನಿಲ್ಲಬೇಕು. ಅರ್ಜಿ ಕೊಟ್ಟು ಕೊಟ್ಟು ನಿಮ್ಮ ಚಪ್ಪಲಿ ಸವೀತು. ಅರ್ಜಿ ತಗೊಳ್ಳೋ ಕುರ್ಚೀಲಿ ನೀವೇ ಕೂತ್ಕೊಂಡ್ರೆ ಆಗಲ್ವಾ?”

ಅಂದು ಮಧ್ಯಾಹ್ನ ಊಟದ ಒಪ್ಪಂದ ಮುರಿಯಿತು.

“ಮನೆ ಯಾರು ನೋಡ್ಕೋತಾರೆ?” ಅತ್ತೆ ಕೇಳಿದರು.

“ನಾನೇ ಅತ್ತೆ. ಬೆಳಿಗ್ಗೆ ಅಡುಗೆ ಮುಗಿಸೇ ಹೋಗ್ತೀನಿ.”

“ಈಗಲೇ ಬೇಳೆ ಅರ್ಧ ಬೆಂದಿರುತ್ತೆ. ಮೆಂಬರು ಆದ್ಮೇಲೆ ಹಸೀದೇ ತಿನ್ನಬೇಕೇನೋ.”

“ಅಜ್ಜಿ, ಬೇಳೆ ಚೆನ್ನಾಗೇ ಇದೆ” ಎಂದಳು ಮಗಳು.

“ನೀನು ಸುಮ್ನೆ ತಿನ್ನು.”

ಗಂಡ ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ. ಕೊನೆಗೆ ಕೈ ತೊಳೆಯುತ್ತಾ ಅಂದ, “ನಿಲ್ಲು. ನಿಲ್ಲಬೇಡ ಅಂದ್ರೂ ನಿಲ್ತೀಯ, ಆಮೇಲೆ ಜನ್ಮ ಇಡೀ ನನ್ನಿಂದ ನಿಲ್ಲಲಿಲ್ಲ ಅಂತೀಯ. ಸಂಜೆ ಮಕ್ಕಳನ್ನ ಬಿಟ್ಟ ಮೇಲೆ ವ್ಯಾನು ಖಾಲಿ ಇರುತ್ತೆ. ಪ್ರಚಾರಕ್ಕೆ ತಗೋ. ಒಂದೇ ಮಾತು. ಬೆಳಿಗ್ಗೆ ನನ್ನ ಕೆಲಸದ ಹೊತ್ತಿಗೆ ನಿನ್ನ ರಾಜಕೀಯ ವ್ಯಾನಿನ ಹತ್ತಿರ ಸುಳೀಬಾರದು.”

“ಖಂಡಿತ ರೀ” ಎಂದಳು ಅವಳು. ಆ ಸಂತೋಷದಲ್ಲಿ ಅವಳಿಗೆ ಬೇಳೆಯೂ ರುಚಿಸಿತು.

ವ್ಯಾನಿನ ಹಿಂಬದಿಯಲ್ಲಿ, ಗಾಜಿನ ಕೆಳಗೆ, ಖಾಸಗಿ ಶಾಲೆಯ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಅದನ್ನು ಮುಚ್ಚುವಷ್ಟು ಉದ್ದಗಲದ ಬಟ್ಟೆಯ ಬ್ಯಾನರೊಂದನ್ನು ಭಾನುವಾರದ ತರಗತಿಯ ಮಕ್ಕಳೇ ಬಣ್ಣ ಹಚ್ಚಿ ಬರೆದುಕೊಟ್ಟರು: ‘ನಮ್ಮ ಬೀದಿಯ ಮಕ್ಕಳು ನಮ್ಮ ಬೀದಿಯ ಶಾಲೆಗೆ’. ಸಂಜೆ ಅದನ್ನು ಗಂಡ ಕಟ್ಟುವನು, ಪ್ರಚಾರ ಮುಗಿದ ಮೇಲೆ ಹೆಂಡತಿ ಬಿಚ್ಚಿ ಮಡಚಿ ಹಿಂದಿನ ಸೀಟಿನ ಕೆಳಗೆ ತುರುಕುವಳು. ಮೈಕು ಹಿಡಿಯುವವನು ಇಸ್ತ್ರಿಯವನು. ಅವನ ಗಂಟಲಿಗೆ ಮೈಕಿನ ಅಗತ್ಯವೇ ಇರಲಿಲ್ಲ ಎಂಬುದು ಬೇರೆ ಮಾತು.

ವಾರಗಳು ಉರುಳಿದವು. ಮನೆಯಲ್ಲಿ ಯಾವುದೂ ತನ್ನ ಜಾಗದಲ್ಲಿ ಇರಲಿಲ್ಲ. ಒಗೆದ ಬಟ್ಟೆ ಕುರ್ಚಿಯ ಮೇಲೆ, ಕುರ್ಚಿಗಳು ಅಂಗಳದಲ್ಲಿ, ಅಂಗಳದ ಜನ ಅಡುಗೆಮನೆಯಲ್ಲಿ. ಯಾರೋ ಬಂದು ಚಹಾ ಕೇಳುವರು, ಇನ್ಯಾರೋ ಬಂದು ಸಕ್ಕರೆ ಕಡಿಮೆ ಎನ್ನುವರು. ಅತ್ತೆ ಪಾತ್ರೆಗಳನ್ನು ತೊಳೆಯುವ ಸದ್ದಿನಲ್ಲೇ ಸೊಸೆಗೆ ಎಲ್ಲವನ್ನೂ ಹೇಳುತ್ತಿದ್ದರು. ಗಂಡ ಕೂತಲ್ಲಿ ಕೂರಲಾರದೆ ಆಗಾಗ ಹೋಗಿ ವ್ಯಾನಿನ ಚಕ್ರ ಒದ್ದು ನೋಡಿ ಬರುತ್ತಿದ್ದ. ಎಲ್ಲರಿಗಿಂತ ಹೆಚ್ಚು ಕುದಿಯುತ್ತಿದ್ದವಳು ಏಳನೇ ಕ್ಲಾಸಿನ ಮಗಳು.

“ಇವತ್ತು ಕ್ಲಾಸಲ್ಲಿ ಎಲ್ಲರೂ ನಕ್ಕರು.”

“ಯಾಕೆ?”

“ನಿಮ್ಮಮ್ಮ ನಮ್ಮ ಸ್ಕೂಲ್ ಮುಚ್ಚಿಸ್ತಾರಂತೆ ಅಂತ.”

“ನಾನ್ಯಾಕೆ ಮುಚ್ಚಿಸ್ಲಿ? ಒಂದು ಶಾಲೆ ಉಳಿಸು ಅಂದ್ರೆ ಇನ್ನೊಂದನ್ನ ಮುಚ್ಚು ಅಂತಾನಾ?”

“ಅದನ್ನ ಅವರಿಗೆ ಹೋಗಿ ಹೇಳು, ಮೈಕಲ್ಲಿ. ಬೀದಿ ಮಕ್ಕಳಿಗೆಲ್ಲ ನೀನು ಅಕ್ಕ. ನನಗೆ ಮಾತ್ರ ಕ್ಯಾಂಡಿಡೇಟು. ನನ್ನ ಸಾಕ್ಸ್ ಎಲ್ಲಿ?”

ಸಾಕ್ಸ್ ಎಲ್ಲಿದೆಯೆಂದು ತಾಯಿಗೂ ಗೊತ್ತಿರಲಿಲ್ಲ.

ಒಂದು ಸಂಜೆ ಪ್ರಚಾರದ ನಡುವೆ ಮಳೆ ಹೊಯ್ಯಿತು. ಮನೆಗೆ ಬರುವಾಗ ಬ್ಯಾನರು ಒದ್ದೆಮುದ್ದೆ. ಒದ್ದೆ ಬಟ್ಟೆಯನ್ನು ಮಡಚಿದರೆ ಬಣ್ಣ ಒಂದಕ್ಕೊಂದು ಅಂಟಿ ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಅದಕ್ಕೇ ಅವಳು, “ಹಾಗೇ ಇರ್ಲಿ ರೀ, ಆರಲಿ. ಬೆಳಿಗ್ಗೆ ಎದ್ದ ತಕ್ಷಣ ನಾನೇ ಬಿಚ್ತೀನಿ” ಎಂದಳು. ಗಂಡ ನೆನೆದ ತಲೆ ಒರೆಸಿಕೊಳ್ಳುತ್ತಾ “ಮರೀಬೇಡ” ಎಂದ.

ಬೆಳಿಗ್ಗೆ ಎದ್ದ ತಕ್ಷಣ ನೀರು ಬರಲಿಲ್ಲ. ನೀರು ಬಂದಾಗ ಹಾಲು ಉಕ್ಕಿತು. ಹಾಲು ಒರೆಸುವಾಗ ಮಗಳು ಬಂದು, ಡಬ್ಬಕ್ಕೆ ಮತ್ತೆ ನಿನ್ನೆಯದೇ ಪಲ್ಯ ಹಾಕಿದ್ದೀಯ ಎಂದು ಜಗಳ ತೆಗೆದಳು.

“ನಿನ್ನೆಯದಲ್ಲ, ಬೆಳಿಗ್ಗೆ ಮಾಡಿದ್ದು.”

“ನಿನ್ನೆ ಥರಾನೇ ಇದೆ.”

“ಆಲೂಗಡ್ಡೆ ದಿನಾ ಬೇರೆ ಬೇರೆ ಥರ ಇರುತ್ತಾ?”

“ಬೇರೆಯವರ ಅಮ್ಮಂದಿರು ಬೇರೆ ಬೇರೆ ಮಾಡ್ತಾರೆ. ಅವರೆಲ್ಲ ಎಲೆಕ್ಷನ್‌ಗೆ ನಿಂತಿರಲ್ಲ” ಎಂದು ಮಗಳು ಡಬ್ಬವನ್ನು ಕಟ್ಟೆಯ ಮೇಲೇ ಬಿಟ್ಟು ಧಡಧಡನೆ ಹೋಗಿ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತಳು. ಹೊರಗೆ ಬೀದಿಯ ಮಕ್ಕಳು ಹತ್ತುತ್ತಿದ್ದರು. ಗಂಡ ಎಂದಿನಂತೆ ಮುಂಬದಿಯಿಂದ ಬಂದು ಹತ್ತಿದ, ಹಿಂದೆ ಹೋಗಿ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಬ್ಯಾನರು ಮಕ್ಕಳ ಕಣ್ಣಿಗೆ ಬಿದ್ದಿರಬಹುದು. ಆದರೆ ಮಕ್ಕಳು ಹೇಳಬೇಕಾದ್ದನ್ನು ಹೇಳಬೇಕಾದ ಹೊತ್ತಿಗೆ ಹೇಳುವವರಲ್ಲ. ಅತ್ತೆ ಅಂಗಳ ಗುಡಿಸುತ್ತಿದ್ದರು. ಸ್ಕೂಲಕ್ಕ ಡಬ್ಬ ಹಿಡಿದುಕೊಂಡು ಅಡುಗೆಮನೆಯಿಂದ ಬಾಗಿಲಿಗೆ ಓಡಿಬಂದಳು. ವ್ಯಾನು ಹೊರಟಿತ್ತು.

ಹೊತ್ತೇರುವ ಮೊದಲೇ ವ್ಯಾನು ಮನೆಗೆ ಬಂತು. ಯಾವತ್ತೂ ಆ ಹೊತ್ತಿಗೆ ಬಂದದ್ದಿಲ್ಲ. ಗಂಡ ಒಳಗೆ ಬಂದು, ಚಪ್ಪಲಿಯನ್ನೂ ಬಿಡದೆ, ಸುತ್ತಿದ ಬ್ಯಾನರನ್ನು ಊಟದ ಮೇಜಿನ ಮೇಲೆ ಎಸೆದ.

“ಕಾಂಟ್ರಾಕ್ಟು ಕಿತ್ತುಕೊಂಡ್ರು.”

“ಏನಂದ್ರಿ?”

“ಗೇಟಿನ ಹತ್ತಿರ ವಾಚ್‌ಮನ್ ನಕ್ಕ. ಯಾಕೋ ನಗ್ತೀಯ ಅಂದೆ. ಹಿಂದೆ ಹೋಗಿ ನೋಡು ಮಾಮ ಅಂದ. ಅಷ್ಟರಲ್ಲಿ ಮ್ಯಾನೇಜರು ಬಂದು ಫೋಟೋ ತೆಗೀತಿದ್ದ. ನಮ್ಮ ಅನ್ನ ತಿಂದು ನಮ್ಮ ಗೇಟಿಗೇ ಇದನ್ನ ತಂದ್ಯಾ ಅಂದ. ನಾಳೆಯಿಂದ ಬರಬೇಡ ಅಂದ. ಮಗಳ ಮಾಫೀನೂ ಈ ತಿಂಗಳಿಗೆ ಮುಗೀತು ಅಂದ. ಎಲ್ಲಾ ಮಕ್ಕಳ ಎದುರಿಗೆ ಅಂದ. ನನ್ನ ಮಗಳ ಎದುರಿಗೆ.”

ಅತ್ತೆ ಗೋಡೆಗೆ ಒರಗಿ ಕೂತುಬಿಟ್ಟರು. “ಅಯ್ಯೋ” ಎಂದಳು ಸ್ಕೂಲಕ್ಕ.

“ನಿಜ ಹೇಳು” ಎಂದ ಗಂಡ. “ಬೇಕೂಂತ ಬಿಟ್ಟೆಯಾ?”

“ಏನ್ರೀ ಹೀಗಂತೀರ?”

“ನಾನು ಅಂತಿಲ್ಲ. ಬೀದಿ ಅಂತಿದೆ. ಗಂಡನ ವ್ಯಾನು ನಿಲ್ಲಿಸಿದ್ರೆ ಮಕ್ಕಳು ತಾವಾಗೇ ಇವಳ ಶಾಲೆಗೆ ಬರ್ತಾರೆ ಅಂತ ಲೆಕ್ಕ ಹಾಕಿದಾಳೆ ಅಂತ. ಆ ಫೋಟೋ ಆಗಲೇ ಎಲ್ಲರ ಫೋನಿಗೂ ಬಂದಿದೆ. ಬರೋ ದಾರೀಲಿ ಇಬ್ಬರು ನನ್ನ ನಿಲ್ಲಿಸಿ ಕೇಳಿದ್ರು.”

“ಮರೆತೆ. ಹಾಲು ಉಕ್ಕಿತು, ನೀರು... ಮರೆತೇಬಿಟ್ಟೆ.”

ಅವನು ಹೋಗಿ ವ್ಯಾನಿನಲ್ಲಿ ಕೂತ. ಊಟಕ್ಕೆ ಕರೆದರೆ ಅಲ್ಲಿಗೇ ತಂದುಕೊಡಿ ಎಂದ.

ಮಾರನೆಯ ದಿನ ಬೇರೊಂದು ವ್ಯಾನು ಬೀದಿಗೆ ಬಂತು. ಹೊಸಬನಿಗೆ ಜಾಗ ಗೊತ್ತಿರಲಿಲ್ಲ, ಮಕ್ಕಳು ಅಭ್ಯಾಸಬಲದಿಂದ ಸೇರುತ್ತಿದ್ದದ್ದು ಇವರ ಮನೆಯ ಮುಂದೆಯೇ. ಅವನು ಅಲ್ಲೇ ನಿಲ್ಲಿಸಿ ಉದ್ದಕ್ಕೆ ಹಾರ್ನ್ ಒತ್ತಿದ. ಕಿಟಕಿಯ ಹಿಂದೆ ಹಲ್ಲುಜ್ಜುತ್ತಾ ನಿಂತಿದ್ದ ಗಂಡ, “ಮಕ್ಕಳನ್ನ ಕರೆಯೋ ಹಾರ್ನಾ ಅದು? ಲಾರಿಗೆ ದಾರಿ ಕೇಳ್ತಿದಾನೆ” ಎಂದು ಗೊಣಗಿದ. ಪ್ರತಿ ದಿನ ಆ ಹೊತ್ತಿಗೆ ಅವನು ಕಿಟಕಿಗೆ ಬರುವುದನ್ನು ನಿಲ್ಲಿಸಲಿಲ್ಲ. ತನ್ನ ವ್ಯಾನಿನಲ್ಲಿ ಮಾರುಕಟ್ಟೆಯಿಂದ ಈರುಳ್ಳಿ, ಎಲೆಕೋಸು ಸಾಗಿಸುವ ಕೆಲಸ ಹಿಡಿದ. ಸೀಟುಗಳನ್ನು ಬಿಚ್ಚಿ ಅಂಗಳದಲ್ಲಿ ಪೇರಿಸಿದ, ಮೇಜಿನ ಮೇಲೆ ಬಿದ್ದಿದ್ದ ಬ್ಯಾನರನ್ನು ಮೂಟೆಗಳಿಗೆ ಹೊದಿಸಲು ವ್ಯಾನಿಗೆ ಹಾಕಿಕೊಂಡ. ಬೆಳಗಿನ ತಿಂಡಿಯಿಂದ ಮೊಟ್ಟೆ ಮಾಯವಾಯಿತು, ಬ್ರೆಡ್ಡಿನ ಮೇಲಿನ ಬೆಣ್ಣೆ ತೆಳ್ಳಗಾಯಿತು. ಮಗಳು ಸಿಟಿ ಬಸ್ಸಿನಲ್ಲಿ ನೇತಾಡಿಕೊಂಡು ಶಾಲೆಗೆ ಹೋಗಿ ಬರತೊಡಗಿದಳು. ಯಾರೊಂದಿಗೂ ಮಾತಿಲ್ಲ. ತಿಂಗಳು ಮುಗಿದ ಮೇಲೆ ಏನು ಎಂದು ಅವಳೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಪ್ರಚಾರಕ್ಕೆ ಸ್ಕೂಲಕ್ಕ ಈಗ ನಡೆದೇ ಹೋಗುತ್ತಿದ್ದಳು. ಕೆಲವು ಬಾಗಿಲುಗಳು ಅರ್ಧವೇ ತೆರೆದುಕೊಳ್ಳುತ್ತಿದ್ದವು.

“ನಿಮ್ಮ ಗಂಡ ನಮ್ಮ ಮಗೂನ ಕೈಹಿಡಿದು ರಸ್ತೆ ದಾಟಿಸ್ತಿದ್ರು. ಈಗಿನವನು ಇಳಿಸಿ ಹೋಗ್ತಾನೆ ಅಷ್ಟೇ” ಎಂದಳು ಒಬ್ಬ ತಾಯಿ. “ನಿಮ್ಮ ಹಟಕ್ಕೆ ನಮ್ಮ ಮಕ್ಕಳೇ ಬೇಕಿತ್ತಾ ಅಕ್ಕಾ?”

ಹಿಂದಿರುಗಿ ಬರುವಾಗ ಇಸ್ತ್ರಿಯವನು “ಬಿಡಿ ಅಕ್ಕ, ಜನ ನಾಲ್ಕು ದಿನ ಅಂತಾರೆ” ಎಂದ. ಅವಳಿಗೆ ಸಮಾಧಾನವಾಗಲಿಲ್ಲ. ಜನ ಅಂದದ್ದಲ್ಲ, ಗಂಡ ಕೇಳಿದ್ದು ಅವಳ ಎದೆಯಲ್ಲಿ ಕೂತಿತ್ತು.

ಈ ನಡುವೆ ಅವಳು ನಾಮಪತ್ರ ಸಲ್ಲಿಸಿದ್ದಳು. ಅದನ್ನು ಹಿಂದಕ್ಕೆ ಪಡೆಯುವ ಕಡೆಯ ದಿನ ಹತ್ತಿರ ಬಂದಾಗ ಹಳೇ ಮೆಂಬರು ಮನೆಗೆ ಬಂದರು. ಬಿಳಿ ಅಂಗಿ, ಕೈಯಲ್ಲಿ ಒಂದು ಬುಟ್ಟಿ ಸೇಬು, ಬಾಯಲ್ಲಿ ಬೆಣ್ಣೆ. ಅತ್ತೆಯ ಕಾಲುನೋವು ವಿಚಾರಿಸಿದರು, ಅಂಗಳದಲ್ಲಿ ಪೇರಿಸಿದ್ದ ಸೀಟುಗಳನ್ನು ನೋಡಿ ತುಟಿ ಲೊಚಗುಟ್ಟಿದರು.

“ಪಾಪ, ಒಳ್ಳೆ ಡ್ರೈವರು” ಎಂದರು ಗಂಡನನ್ನು ತೋರಿಸಿ. “ಆ ಶಾಲೆ ಕಮಿಟೀಲಿ ನಮ್ಮ ಅಳಿಯಂದಿರೇ ಇದ್ದಾರೆ. ನಾನೊಂದು ಮಾತು ಹೇಳಿದ್ರೆ ನಾಳೆಯೇ ವ್ಯಾನು ಗೇಟಿನೊಳಗೆ. ಮಗಳ ಮಾಫಿಯೂ ಮೊದಲಿನ ಹಾಗೇ. ಏನಮ್ಮ, ಸೇವೆ ಮಾಡೋಕೆ ಮೆಂಬರೇ ಆಗಬೇಕಾ? ನೀನು ಹೇಗೂ ಮಾಡ್ತಾನೇ ಇದ್ದೀಯಲ್ಲ.”

“ಮತ್ತೆ ಬೀದಿ ಶಾಲೆ?” ಎಂದಳು ಸ್ಕೂಲಕ್ಕ.

“ಅದನ್ನ ನೋಡೋಣ.”

“ನೋಡೋಣ ಅಂದ್ರೆ?”

“ನೋಡೋಣ ಅಂದ್ರೆ ನೋಡೋಣ ಅಂತ” ಎಂದು ಅವರು ನಕ್ಕು ಎದ್ದರು. ಚಹಾ ಅರ್ಧ ಲೋಟ ಹಾಗೇ ಉಳಿದಿತ್ತು.

ಅವರು ಹೋದ ಮೇಲೆ ಮಗಳು ಮೊದಲ ಸಲ ಬಾಯಿ ಬಿಟ್ಟಳು. “ಅಮ್ಮ, ಪ್ಲೀಸ್” ಎಂದಳು, ಅಷ್ಟೇ. ಗಂಡ, “ನಾನೇನೂ ಹೇಳಲ್ಲ. ಹೇಳಿದ್ರೆ ಜನ್ಮ ಇಡೀ ನನ್ನಿಂದ ಅಂತೀಯ” ಎಂದು ಅಂಗಳಕ್ಕೆ ಹೋಗಿ ಸೀಟುಗಳ ಧೂಳು ಹೊಡೆಯತೊಡಗಿದ. ಸೀಟುಗಳಲ್ಲಿ ಧೂಳು ಇರಲಿಲ್ಲ. ದಿನವೂ ಹೊಡೆಯುತ್ತಿದ್ದ.

ಅವಳು ಅಡುಗೆಮನೆಗೆ ಬಂದು ಅಕ್ಕಿ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಅತ್ತೆ ಪಾತ್ರೆ ಕಿತ್ತುಕೊಂಡರು.

“ಅಕ್ಕಿ ಸವೆದುಹೋಗುತ್ತೆ, ಬಿಡು.”

“ಹಿಂದೆ ತಗೋತೀನಿ ಅತ್ತೆ. ಮನೆ ಹೀಗೆ ನಡೆಯಲ್ಲ.”

ಅತ್ತೆ ಒಲೆ ಹಚ್ಚಿದರು. ಉರಿ ಕಡಿಮೆ ಮಾಡಿದರು, ಜಾಸ್ತಿ ಮಾಡಿದರು. “ನಿನಗೊಂದು ಮಾತು ಹೇಳ್ಬೇಕು. ಅವತ್ತು ಬೆಳಿಗ್ಗೆ ನಾನು ಆ ಬಟ್ಟೆ ನೋಡಿದೆ. ಗುಡಿಸ್ತಾ ಇದ್ದೆನಲ್ಲ, ಕಣ್ಣ ಮುಂದೇನೇ ಇತ್ತು. ಒಂದು ಕೂಗು ಹಾಕಿದ್ರೆ ನಿಲ್ಲಿಸ್ತಿದ್ದ. ಕೂಗಲಿಲ್ಲ.”

“ಅತ್ತೆ!”

“ಒಂದು ಸಲ ಶಾಲೆಯವರು ಇವನಿಗೆ ಮುಖಕ್ಕೆ ಮಂಗಳಾರತಿ ಮಾಡ್ಲಿ, ಇವನು ಬಂದು ನಿನ್ನ ಬೈಲಿ, ಈ ಚಹಾ ಕಾಯಿಸೋ ಕಾಟ ತಪ್ಪಲಿ ಅಂತ ಇತ್ತು ನನಗೆ. ಬೈತಾರೆ ಅಷ್ಟೇ ಅಂದ್ಕೊಂಡೆ. ಹೊಟ್ಟೆಗೇ ಕಲ್ಲು ಹಾಕ್ತಾರೆ ಅಂತ ಯಾರಿಗೆ ಗೊತ್ತು?” ಅತ್ತೆ ಅಕ್ಕಿಯ ಪಾತ್ರೆಯನ್ನು ಒಲೆಯ ಮೇಲಿಟ್ಟರು. “ಹೋಗು, ಅವನಿಗೆ ಹೇಳು. ನಿಮ್ಮಮ್ಮನೇ ನೋಡಿ ಸುಮ್ಮನಿದ್ರು ಅನ್ನು. ತಾಯಿಗೆ ಏನು ಮಾಡ್ತಾನೆ? ಎರಡು ದಿನ ಮುಖ ತಿರುಗಿಸ್ತಾನೆ. ನಿನ್ನ ಮೇಲಿನ ಅನುಮಾನ ಹೋಗುತ್ತೆ.”

ಅನ್ನ ಕುದಿಯಲು ಶುರುವಾಯಿತು.

“ನೀವು ಗುಡಿಸ್ತಾ ನನ್ನ ನೋಡಲಿಲ್ವಾ ಅತ್ತೆ?” ಎಂದಳು ಸೊಸೆ.

“ನೋಡಿದೆ” ಎಂದರು ಅತ್ತೆ. “ನೀನು ಡಬ್ಬ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದೆ.”

ಅತ್ತೆ ಒಲೆಯ ಉರಿ ಸಣ್ಣ ಮಾಡಿದರು.

ಕಡೆಯ ದಿನ ಗಂಡ ಈರುಳ್ಳಿ ಇಳಿಸಿ ಬಂದು, ಕೈಕಾಲು ತೊಳೆದು, ಅವಳನ್ನು ಚುನಾವಣಾ ಕಚೇರಿಗೆ ಕರೆದುಕೊಂಡು ಹೊರಟ. ವ್ಯಾನಿನಲ್ಲಿ ಈರುಳ್ಳಿ ಸಿಪ್ಪೆ ಹಾರಾಡುತ್ತಿತ್ತು. ಅವನು ಬಹಳ ದಿನಗಳ ಮೇಲೆ ಸ್ವಲ್ಪ ಗೆಲುವಾಗಿದ್ದ.

“ನಾಳೆ ಸೀಟು ಹಾಕಿಸ್ಬೇಕು” ಎಂದ. “ಬಲಗಡೆ ಕೊನೇ ಸೀಟಿನ ಬೋಲ್ಟು ಸಡಿಲ ಇದೆ, ಅದನ್ನೂ ನೋಡಿಸ್ಬೇಕು. ಆ ಹೊಸಬನ ಕೈಯಲ್ಲಿ ಮಕ್ಕಳು ಬಡವಾಗಿಬಿಟ್ಟಿದ್ದಾರೆ.” ಸ್ವಲ್ಪ ದೂರ ಹೋದ ಮೇಲೆ, “ಅವತ್ತು ನಾನು ಹಾಗೆ ಕೇಳಬಾರದಿತ್ತು. ಬೇಕೂಂತ ಬಿಟ್ಟೆಯಾ ಅಂತ. ಜನ ತಲೆ ಕೆಡಿಸಿದ್ರು” ಎಂದ.

ಅವನು ಆ ಒಂದು ಮಾತು ಆಡದೆ ಇದ್ದಿದ್ದರೆ ಅವಳು ಸುಮ್ಮನೆ ಇದ್ದುಬಿಡುತ್ತಿದ್ದಳೋ ಏನೋ. ಅವನು ತಪ್ಪು ತನ್ನದೆಂದು ಹೇಳಿದ್ದನ್ನು ಕೇಳಿ ಅವಳಿಗೆ ತಡೆಯಲಾಗಲಿಲ್ಲ.

“ಬೇಕೂಂತ ಬಿಡಲಿಲ್ಲ ರೀ. ಬಿಚ್ಚೋದು ಮರೆತಿದ್ದು ನಿಜ. ಆದ್ರೆ ನಾನು ಡಬ್ಬ ತಗೊಂಡು ಬಾಗಿಲಿಗೆ ಬಂದಾಗ ವ್ಯಾನು ಇನ್ನೂ ಇಸ್ತ್ರಿ ಗಾಡಿ ದಾಟಿರಲಿಲ್ಲ.”

“ಹೂಂ?”

“ಡಬ್ಬ ಕೊಡೋಕೆ ಕೂಗಬೇಕು ಅಂತ ಬಾಯಿ ತೆರೆದೆ. ಆಗ ಕಂಡಿತು. ತುಂಬಿದ ವ್ಯಾನು, ಹಿಂದೆ ಮಕ್ಕಳು ಬರೆದ ಆ ಅಕ್ಷರ. ಇಷ್ಟು ವರ್ಷ ನಾನು ಬಾಗಿಲು ಬಾಗಿಲಿಗೆ ಹೋಗಿ ಹೇಳಿದ್ದನ್ನ ನಿಮ್ಮ ವ್ಯಾನು ಹೇಳ್ಕೊಂಡು ಹೋಗ್ತಾ ಇತ್ತು. ಎಷ್ಟು ಚೆನ್ನಾಗಿ ಕಾಣ್ತಿತ್ತು ಅಂದ್ರೆ... ಒಂದು ಗಳಿಗೆ ಹೋಗ್ಲಿ ಅನ್ನಿಸ್ತು. ಬಾಯಿ ಮುಚ್ಚಿಕೊಂಡೆ. ಆಮೇಲೆ ಕೂಗೋಣ ಅನ್ನೋವಾಗ ನೀವು ತಿರುವು ದಾಟಿದ್ರಿ. ಫೋನಾದರೂ ಮಾಡಬಹುದಿತ್ತು, ಅದನ್ನೂ ಮಾಡಲಿಲ್ಲ. ಏನೂ ಆಗಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ನಮ್ಮ ಮಗಳು ಅವತ್ತು ಉಪವಾಸ ಇದ್ದಳು.”

ವ್ಯಾನು ನಿಂತಿತು. ಹಿಂದಿನಿಂದ ಯಾರೋ ಹಾರ್ನ್ ಒತ್ತಿದರು.

“ಇಳಿ” ಎಂದ ಗಂಡ.

ಅವಳು ಇಳಿದಳು. ವ್ಯಾನು ಹೋಯಿತು. ಅವಳು ಬ್ಯಾಗನ್ನು ಎದೆಗವಚಿಕೊಂಡು ಬಿಸಿಲಲ್ಲಿ ನಡೆದಳು. ಸಂಕಟವಾಗುತ್ತಿತ್ತು. ಹೇಳಿದ್ದಕ್ಕೆ ಪಶ್ಚಾತ್ತಾಪ ಮಾತ್ರ ಇರಲಿಲ್ಲ, ಅದೇ ಅವಳಿಗೆ ಆಶ್ಚರ್ಯ. ಹೋಗಿ ಸಹಿ ಹಾಕುವುದು, ಅವನ ಕೆಲಸ ಅವನಿಗೆ ಕೊಡಿಸುವುದು, ಆಮೇಲೆ ಅವನು ಬೈದಷ್ಟೂ ಕೇಳುವುದು. ಅಷ್ಟನ್ನೇ ಯೋಚಿಸುತ್ತಾ ಕಚೇರಿಯ ರಸ್ತೆಗೆ ತಿರುಗಿದಳು.

ಗೇಟಿನ ಮುಂದೆ ವ್ಯಾನು ನಿಂತಿತ್ತು. ಅವನು ಬಾಗಿಲಿಗೆ ಒರಗಿಕೊಂಡು ಕೈಕಟ್ಟಿ ನಿಂತಿದ್ದ. ಮುಖ ಕೆಂಪಗಿತ್ತು.

“ಎಲ್ಲಿಗೆ?”

“ಒಳಗೆ. ಹಿಂದೆ ತಗೊಳ್ಳೋಕೆ.”

“ಯಾಕೆ?”

“ಯಾಕೆ ಅಂದ್ರೆ? ನಿಮ್ಮ ಕೆಲಸ, ಮಗಳ ಶಾಲೆ...”

“ನನ್ನ ಕೆಲಸ ಆ ಬಟ್ಟೆಯಿಂದಾನೇ ಹೋಯ್ತಲ್ಲ” ಎಂದು ಅವನು ಗುಡುಗಿದ. ಕಚೇರಿಯ ಜವಾನ ತಿರುಗಿ ನೋಡಿದ. “ಈಗ ಆ ಬಟ್ಟೇನೂ ಮಡಚಿಟ್ಟರೆ ನನಗೆ ಉಳಿಯೋದೇನು, ಈರುಳ್ಳಿ ಸಿಪ್ಪೆನಾ? ಅವತ್ತು ಒಂದು ಮಾತು ಕೂಗಿದ್ರೆ ಸಾಕಿತ್ತು, ಬಾಯಿ ಮುಚ್ಕೊಂಡೆ. ಇವತ್ತು ಆ ಮೆಂಬರ್ ಮುಂದೆ ಮತ್ತೆ ಬಾಯಿ ಮುಚ್ಕೊಂಡು ಬರ್ತೀಯಾ? ಕೂಗೋದಾದ್ರೆ ಇನ್ನು ಮೇಲೆ ನೆಟ್ಟಗೆ ಕೂಗು. ಹೋಗು, ವ್ಯಾನು ಹತ್ತು.”

“ಅಂದ್ರೆ... ನನ್ನ ಮೇಲೆ ಕೋಪ ಇಲ್ವಾ?”

“ಇಲ್ಲ ಅಂತ ಯಾರು ಹೇಳಿದ್ರು? ಅದು ಬೇರೆ. ಅದನ್ನ ಮನೇಲಿ ನೋಡ್ಕೋತೀನಿ, ಎಷ್ಟು ವರ್ಷ ಬೇಕೋ ಅಷ್ಟು.” ಅವನು ಡ್ರೈವರ್ ಸೀಟಿನ ಹಿಂದಿನಿಂದ ಬ್ಯಾನರನ್ನು ಎಳೆದ. ಬಣ್ಣ ಒಂದೆರಡು ಕಡೆ ಮಾಸಿತ್ತು, ಮೂಲೆಯಲ್ಲಿ ಈರುಳ್ಳಿಯ ವಾಸನೆ. “ಆ ಕಡೆ ಹಿಡಿ. ಗಟ್ಟಿಯಾಗಿ ಹಿಡಿ. ಮಗಳಿಗೆ ನೀನೇ ಹೇಳು, ನಾನು ಹೇಳಲ್ಲ.”

ಅವಳು ಹಗ್ಗದ ತುದಿ ಹಿಡಿದಳು. ಅವನು ಸಿಟ್ಟನ್ನೆಲ್ಲ ಗಂಟಿನಲ್ಲಿ ಹಾಕಿ ಬಿಗಿದ. ಶಾಲೆಯ ಹೆಸರು ಮುಚ್ಚಿಹೋಯಿತು.

“ಇದನ್ನ ಸಂಜೆ ಬಿಚ್ಚಬೇಕಾ?” ಎಂದಳು ಮೆಲ್ಲಗೆ.

“ಇನ್ಯಾವ ಗೇಟಿಗೆ ಹೋಗೋದಿದೆ ಅಂತ ಬಿಚ್ಚಬೇಕು?”

ಬೀದಿಗೆ ತಿರುಗಿದಾಗ ಇಸ್ತ್ರಿಯವನು ಪೆಟ್ಟಿಗೆಯನ್ನು ಎತ್ತಿದ ಕೈಯಲ್ಲೇ ಹಿಡಿದು ಬಾಯಿ ಬಿಟ್ಟುಕೊಂಡು ನೋಡಿದ. ವ್ಯಾನು ಹಿಮ್ಮುಖವಾಗಿ ಬಂದು ಮನೆಯ ಮುಂದೆ ನಿಂತಿತು. ಬಾಗಿಲಲ್ಲಿ ಅತ್ತೆ ಇದ್ದರು, ಅವರ ಪಕ್ಕದಲ್ಲಿ ಆಗತಾನೆ ಬಸ್ಸಿಳಿದು ಬಂದ ಮಗಳು. ಸಮವಸ್ತ್ರದ ಒಂದು ಗುಂಡಿ ಬಸ್ಸಿನ ನೂಕುನುಗ್ಗಲಿನಲ್ಲಿ ಕಿತ್ತುಹೋಗಿತ್ತು. ಅವಳು ಬ್ಯಾನರನ್ನು ಮೊದಲ ಸಲ ನೋಡುವವಳಂತೆ ಅಕ್ಷರ ಅಕ್ಷರವಾಗಿ ಓದಿದಳು. ತಾಯಿ ಇಳಿದು ಹತ್ತಿರ ಬಂದಳು.

“ಅಂದ್ರೆ ನಾನು ಇಲ್ಲೇ ಓದ್ಬೇಕು” ಎಂದಳು ಮಗಳು.

“ಹೌದು.”

ಮಗಳ ಕಣ್ಣು ತುಂಬಿತು. ಅವಳು ಬ್ಯಾಗಿನಿಂದ ಡಬ್ಬ ತೆಗೆದು ತಾಯಿಯ ಕೈಗೆ ತುರುಕಿದಳು.

“ಹಾಗಾದ್ರೆ ನಾಳೆಯಿಂದ ಡಬ್ಬ ಬೇಡ. ಮಧ್ಯಾಹ್ನ ಮನೆಗೇ ಬರ್ತೀನಿ. ಬಿಸಿ ಇರಬೇಕು. ಆಲೂಗಡ್ಡೆ ಮಾಡಬೇಡ.”

ಅವಳು ಒಳಗೆ ಹೋಗಿ ಕೋಣೆಯ ಬಾಗಿಲನ್ನು ಧಡ್ ಎಂದು ಹಾಕಿಕೊಂಡಳು. ಅತ್ತೆ ಸೊಸೆಯ ಕೈಯಿಂದ ಡಬ್ಬ ತೆಗೆದುಕೊಂಡು, ತೊಳೆದು, ಒರೆಸಿ, ಮೇಲಿನ ಕಪಾಟಿನಲ್ಲಿ ಇಟ್ಟರು.